ನೈಟ್ರೋ ಕಾರಿಗೆ ಹೊಸ ಎಂಜಿನ್: ಬಿಸಿ ಮಾಡದೆ ಸ್ಟಾರ್ಟ್ ಮಾಡಬೇಡಿ

ರಿಮೋಟ್ ಕಾರಿನ ನೈಟ್ರೋ ಎಂಜಿನ್ (ನೈಟ್ರೋಮಿಥೇನ್ ಬೆರೆಸಿದ ಮೆಥನಾಲ್ ಇಂಧನದಿಂದ ಓಡುವ ಪುಟ್ಟ ಎಂಜಿನ್) ಬದಲಿಸುವುದು ಕಷ್ಟದ ಕೆಲಸವಲ್ಲ. ಕೆಲವು ಸ್ಕ್ರೂ, ಎರಡು ಟ್ಯೂಬು, ಒಂದು ಥ್ರಾಟಲ್ ಕಡ್ಡಿ, ಅಷ್ಟೇ. ಎಂಜಿನ್ ಹಾಳಾಗುವುದು ಅದನ್ನು ಕೂರಿಸಿದ ಮೇಲೆ, ಮೊದಲ ಟ್ಯಾಂಕ್ ಇಂಧನ ಉರಿಯುವಾಗ. ತಣ್ಣಗಿರುವ ಹೊಸ ಎಂಜಿನ್ನಿಗೆ ಸ್ಟಾರ್ಟರ್ ಒತ್ತಿ, ಟ್ಯಾಂಕ್ ಖಾಲಿಯಾಗುವವರೆಗೆ ಕಾರು ಓಡಿಸದೆ ಐಡಲ್‌ನಲ್ಲೇ ಬಿಟ್ಟು, 'ನಿಧಾನಕ್ಕೆ ಪಳಗಲಿ' ಎನ್ನುವವರನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಯ್ಕೆ. ಈ ಎಂಜಿನ್‌ಗಳ ಗಾತ್ರವನ್ನು ಘನ ಇಂಚಿನಲ್ಲಿ ಹೇಳುವುದು ರೂಢಿ: .15 ಅಂದರೆ ಸುಮಾರು 2.5 ಸಿಸಿ, .21 ಅಂದರೆ ಸುಮಾರು 3.5 ಸಿಸಿ. ಟ್ರ್ಯಾಕ್ಸಾಸ್ ಟಿ-ಮ್ಯಾಕ್ಸ್ ಟ್ರಕ್ಕಿನಲ್ಲಿ 2.5 ಸಿಸಿ ತೆಗೆದು 3.3 ಸಿಸಿ ಹಾಕುವುದು ಬಹಳ ಜನ ಮಾಡುವ ಬದಲಾವಣೆ. ಒಂದು ಮೆಟ್ಟಿಲು ಮೇಲೆ ಹೋದರೆ ಸಾಕು. ಸಿಕ್ಕಿದ ದೊಡ್ಡ ಎಂಜಿನ್ನನ್ನೆಲ್ಲ ತುರುಕಿದರೆ ಪ್ಲಾಸ್ಟಿಕ್ ಸ್ಪರ್ ಗೇರ್, ಡಿಫರೆನ್ಷಿಯಲ್ ಮೊದಲು ಹೋಗುತ್ತವೆ. ಕೊಳ್ಳುವ ಮುಂಚೆ ನಾಲ್ಕು ವಿಷಯ ನೋಡಿ: ಬುಡದ ಸ್ಕ್ರೂ ತೂತುಗಳ ಅಂತರ, ಕ್ರ್ಯಾಂಕ್ ಶಾಫ್ಟ್‌ನ ಉದ್ದ ಮತ್ತು ಮರೆ (ಥ್ರೆಡ್), ಎಕ್ಸಾಸ್ಟ್ ಹೊರಡುವುದು ಪಕ್ಕದಿಂದಲೋ ಹಿಂದಿನಿಂದಲೋ, ಸ್ಟಾರ್ಟ್ ಮಾಡುವ ವಿಧಾನ ಯಾವುದು. ಹೆಸರಿಲ್ಲದ ಅಗ್ಗದ ಎಂಜಿನ್ ಬೇಡವೇ ಬೇಡ. ನಾಳೆ ಅದರ ಪಿಸ್ಟನ್, ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಬೇಕು ಅಂದರೆ ಎಲ್ಲೂ ಸಿಗುವುದಿಲ್ಲ.

ಹಳೆಯದನ್ನು ಬಿಚ್ಚುವುದಕ್ಕೆ ಹೇಳಿಕೊಡುವಂಥದ್ದೇನಿಲ್ಲ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಡಿ, ಸಾಕು.

ಫ್ಲೈವೀಲ್ (ಶಾಫ್ಟಿಗೆ ಕೂರುವ ಭಾರದ ಚಕ್ರ) ಕೂರಿಸುವಾಗ ಶಾಫ್ಟ್ ಮತ್ತು ಅದನ್ನು ಹಿಡಿದಿಡುವ ಕೋನ್ ಮೇಲೆ ಎಣ್ಣೆಯ ಪಸೆ ಇರಬಾರದು. ಇದ್ದರೆ ಫ್ಲೈವೀಲ್ ಜಾರುತ್ತದೆ. ಕ್ಲಚ್ ಬೆಲ್ (ಗೇರ್ ಹಲ್ಲಿರುವ ಕ್ಲಚ್ಚಿನ ಹೊರ ಬಟ್ಟಲು) ಸಲೀಸಾಗಿ ತಿರುಗಬೇಕು, ಹಿಂದೆ ಮುಂದೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಆಟ ಇರಬೇಕು. ಎಂಜಿನ್ ಮೌಂಟಿನ ಸ್ಕ್ರೂಗಳಿಗೆ ನೀಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಕೆಂಪು ಹಾಕಿದರೆ ಬಿಸಿ ಮಾಡದೆ ಬಿಚ್ಚಲು ಬರುವುದಿಲ್ಲ. ಕ್ಲಚ್ ಬೆಲ್ ಮತ್ತು ಸ್ಪರ್ ಗೇರ್ ಹಲ್ಲುಗಳ ನಡುವೆ ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಇಟ್ಟು, ಎಂಜಿನ್ ಒತ್ತಿ ಹಿಡಿದು ಸ್ಕ್ರೂ ಬಿಗಿಮಾಡಿ. ಆಮೇಲೆ ಗೇರ್ ತಿರುಗಿಸಿದರೆ ಪಟ್ಟಿ ಮಡಿಕೆಮಡಿಕೆಯಾಗಿ ಹೊರಬರಬೇಕು, ಹರಿಯಬಾರದು. ಏರ್ ಫಿಲ್ಟರ್‌ಗೆ ಫಿಲ್ಟರ್ ಎಣ್ಣೆ ಹಚ್ಚದೆ ಕಾರನ್ನು ಮಣ್ಣಿಗೆ ಇಳಿಸಲೇಬೇಡಿ. ಇಂಧನದ ಟ್ಯೂಬ್ ಹೊಸದೇ ಇರಲಿ. ಹಳೆಯದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಸೇರಿಕೊಂಡು ಟ್ಯೂನಿಂಗ್ ನಿಲ್ಲುವುದೇ ಇಲ್ಲ.

ಇನ್ನು ಬ್ರೇಕ್-ಇನ್, ಅಂದರೆ ಹೊಸ ಎಂಜಿನ್ನನ್ನು ಪಳಗಿಸುವುದು. ಸ್ವಲ್ಪ ನಿಧಾನವಾಗಿ ಓದಿ.

ಈ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಸ್ಲೀವ್ ಮೇಲಕ್ಕೆ ಹೋದಂತೆ ತುಸು ಕಿರಿದಾಗುತ್ತದೆ. ಅದಕ್ಕೇ ಹೊಸ ಎಂಜಿನ್ ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ತುದಿಗೆ ಬಂದಾಗ ಗಟ್ಟಿಯಾಗಿ ಹಿಡಿಯುತ್ತದೆ. ಅದು ದೋಷವಲ್ಲ, ಕಂಪ್ರೆಷನ್ ಬರುವುದೇ ಆ ಹಿಡಿತದಿಂದ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಎರಡಕ್ಕೂ ಬೇಕಾದಷ್ಟೇ ಸಂದು ಬರುವಂತೆ ಅದನ್ನು ಮಾಡಿರುತ್ತಾರೆ. ತಣ್ಣಗೆ ಓಡಿಸಿದರೆ ಸ್ಲೀವ್ ಹಿಗ್ಗುವುದೇ ಇಲ್ಲ. ಪಿಸ್ಟನ್ ಪ್ರತಿ ಸುತ್ತಿಗೂ ಆ ಕಿರಿದಾದ ಜಾಗಕ್ಕೆ ಬಡಿದು ಸವೆಯುತ್ತದೆ, ಕನೆಕ್ಟಿಂಗ್ ರಾಡ್ ಎಳೆದಾಡಿಸಿಕೊಳ್ಳುತ್ತದೆ. ತೀರಾ ರಿಚ್ (ಗಾಳಿಗಿಂತ ಇಂಧನದ ಪಾಲು ಜಾಸ್ತಿ) ಮಾಡಿ ಐಡಲ್‌ನಲ್ಲಿ ಬಿಟ್ಟಾಗ ಆಗುವುದು ಇದೇ. ಹೆಚ್ಚಿನ ಇಂಧನ ಎಂಜಿನ್ನನ್ನು ತಣ್ಣಗೇ ಇಡುತ್ತದೆ.

ಹಾಗಾಗಿ ಹೇರ್ ಡ್ರೈಯರ್ ತಗೊಂಡು ಎಂಜಿನ್ ಹೆಡ್ಡನ್ನು (ರೆಕ್ಕೆಗಳಿರುವ ಮೇಲ್ಭಾಗ) ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕೇಬೇಕು. ಉಗುಳು ಹಚ್ಚಿ ಚುರ್ ಅನ್ನುತ್ತದಾ ಅಂತ ನೋಡುವುದು ಅಳತೆಯಲ್ಲ. ಹೆಡ್ಡಿನ ರೆಕ್ಕೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ಬಿಸಿ ಉಳಿಯುತ್ತದೆ. ಕಾರ್ಬ್ಯುರೇಟರಿನಲ್ಲಿ ಇಂಧನದ ಅಳತೆ ಹೊಂದಿಸುವ ಸ್ಕ್ರೂಗಳಾದ ನೀಡಲ್‌ಗಳನ್ನು ಕಂಪನಿಯ ಪುಸ್ತಕ ಹೇಳಿದಷ್ಟೇ ತಿರುಗಿಸಿ ಸ್ಟಾರ್ಟ್ ಮಾಡಿ. ತಕ್ಷಣ ಕಾರನ್ನು ಸಮತಟ್ಟಾದ ಜಾಗದಲ್ಲಿ ಓಡಿಸಿ. ಥ್ರಾಟಲ್ ಮೆಲ್ಲಗೆ ಏರಿಸಿ, ಇಳಿಸಿ. ಅರ್ಧಕ್ಕಿಂತ ಜಾಸ್ತಿ ಬೇಡ. ಹೊಗೆ ದಟ್ಟವಾಗಿ ಬರುತ್ತಿರಲಿ, ಆದರೆ ಹೆಡ್ 95 ಡಿಗ್ರಿ ಆಸುಪಾಸಿನಲ್ಲಿರಲಿ.

ಟ್ಯಾಂಕ್ ಮುಗಿಯುವ ಮುಂಚೆಯೇ ಎಂಜಿನ್ ನಿಲ್ಲಿಸಿ. ಮುಂದಿನದನ್ನು ಬಹಳ ಜನ ಮರೆಯುತ್ತಾರೆ: ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳತುದಿಗೆ ತನ್ನಿ. ಮೇಲೆ ಬಿಟ್ಟರೆ ತಣ್ಣಗಾಗುತ್ತಾ ಸ್ಲೀವ್ ಕುಗ್ಗಿ ಪಿಸ್ಟನ್ನನ್ನು ಹಿಂಡುತ್ತದೆ. ಪೂರ್ತಿ ತಣ್ಣಗಾಗಲಿ, ಮತ್ತೆ ಬಿಸಿ ಮಾಡಿ, ಮತ್ತೆ ಓಡಿಸಿ. ಕಾದು ತಣಿಯುವ ಈ ಸುತ್ತುಗಳಿಂದಲೇ ಲೋಹ ಪಳಗುವುದು. ಐದು ಟ್ಯಾಂಕ್ ಆಗುವವರೆಗೆ ಪೂರ್ತಿ ಥ್ರಾಟಲ್ ಒತ್ತಬೇಡಿ. ಮಕ್ಕಳ ಕೈಗೆ ರಿಮೋಟ್ ಆಮೇಲೆ ಕೊಡಿ.

ಇಂಧನದ ಬಗ್ಗೆ ಒಂದು ಮಾತು. ನನ್ನ ಆಯ್ಕೆ 20 ಪರ್ಸೆಂಟ್ ನೈಟ್ರೋಮಿಥೇನ್ ಇರುವ ಕಾರಿನ ಇಂಧನ. ಬ್ರೇಕ್-ಇನ್‌ಗೂ ಅದೇ, ಆಮೇಲೂ ಅದೇ. ಮಧ್ಯೆ ಬದಲಿಸಿದರೆ ಟ್ಯೂನಿಂಗ್ ಮೊದಲಿನಿಂದ ಶುರು. ಪೆಟ್ರೋಲ್ ಹಾಕಿದರೆ ನಡೆಯುವುದಿಲ್ಲ. ಇಂಧನ ಹೊತ್ತಿಸುವ ಗ್ಲೋ ಪ್ಲಗ್‌ನ ಪ್ಲಾಟಿನಂ ತಂತಿ ಮೆಥನಾಲ್ ಜೊತೆ ಸೇರಿಯೇ ಕೆಂಪಗೆ ಉಳಿಯುವುದು. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿಯನ್ನು ನಂಬಬೇಡಿ. ಮೆಥನಾಲ್ ವಿಷ ಕೂಡ, ಕೈಗವಸು ಹಾಕಿಕೊಳ್ಳಿ.

ಇನ್ನು ಟ್ಯೂನಿಂಗ್. ಮೊದಲು ಹೈ-ಸ್ಪೀಡ್ ನೀಡಲ್, ಆಮೇಲೆ ಲೋ-ಸ್ಪೀಡ್, ಕೊನೆಗೆ ಐಡಲ್. ಬಲಕ್ಕೆ ತಿರುಗಿಸಿದರೆ ಲೀನ್ (ಇಂಧನ ಕಡಿಮೆ), ಎಡಕ್ಕೆ ರಿಚ್. ಒಂದು ಸಲಕ್ಕೆ ಸುತ್ತಿನ ಹದಿನಾರನೇ ಒಂದು ಭಾಗ, ಅಷ್ಟೇ. ಪೂರ್ತಿ ವೇಗದಲ್ಲೂ ತೆಳುವಾದ ಹೊಗೆಯ ಗೆರೆ ಕಾಣಲೇಬೇಕು. ಎಂಜಿನ್ನಿಗೆ ಎಣ್ಣೆ ಸಿಗುವುದು ಇಂಧನದಿಂದಲೇ, ಅಲ್ವಾ? ಲೀನ್ ಮಾಡಿದಷ್ಟೂ ಎಣ್ಣೆ ಕಡಿಮೆಯಾಗುತ್ತದೆ. 130 ಡಿಗ್ರಿ ದಾಟಿತೆಂದರೆ ತಕ್ಷಣ ನಿಲ್ಲಿಸಿ. ಲೋ-ಸ್ಪೀಡ್ ಪರೀಕ್ಷೆ ಸುಲಭ: ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಹತ್ತಿರ ಇಂಧನದ ಟ್ಯೂಬ್ ಹಿಸುಕಿ. ಎರಡು ಮೂರು ಸೆಕೆಂಡಿನಲ್ಲಿ ವೇಗ ತುಸು ಏರಿ ಎಂಜಿನ್ ನಿಂತುಹೋದರೆ ಸರಿ. ತಕ್ಷಣ ನಿಂತರೆ ಲೀನ್, ತುಂಬಾ ಹೊತ್ತು ಓಡಿದರೆ ರಿಚ್.

ಬೆಂಗಳೂರಿನವರು ಇದನ್ನು ನೆನಪಿಡಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಸರಿಯಾಗಿ ಟ್ಯೂನ್ ಆದ ಕಾರನ್ನು ಹಾಗೇ ಮಂಗಳೂರಿಗೆ ಒಯ್ದು ಓಡಿಸಿದರೆ ಲೀನ್ ಆಗಿ ಬಿಸಿಯೇರಬಹುದು. ಅಲ್ಲಿ ನೀಡಲ್ ತುಸು ತೆರೆದೇ ಶುರುಮಾಡಿ.

ದಿನದ ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಟ್ಯೂಬಿನಲ್ಲಿ ಉಳಿದದ್ದನ್ನು ಓಡಿಸಿಯೇ ಸುಟ್ಟುಬಿಡಿ. ಗ್ಲೋ ಪ್ಲಗ್ ಬಿಚ್ಚಿ, ಆ ತೂತಿಗೂ ಕಾರ್ಬ್ಯುರೇಟರಿಗೂ ತುಕ್ಕು ಹಿಡಿಯದಂತೆ ಕೆಲವು ಹನಿ ಆಫ್ಟರ್-ರನ್ ಎಣ್ಣೆ ಬಿಡಿ. ಪ್ಲಗ್ ತೂತಿನ ಬಾಯಿಗೆ ಬಟ್ಟೆ ಹಿಡಿದು ನಾಲ್ಕೈದು ಸುತ್ತು ತಿರುಗಿಸಿ. ಪ್ಲಗ್ ಹಾಕಿ, ಪಿಸ್ಟನ್ ಕೆಳಕ್ಕೆ ತಂದು ಎತ್ತಿಡಿ.