ಹಿಂಡಿ ತಿಂದರೂ ಮರಿಗೆ ಮೈ ಹತ್ತಲಿಲ್ಲ

ಬೆಳಿಗ್ಗೆ ಐದಕ್ಕೆ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣು ಉರಿಯುತ್ತಿತ್ತು. ಒಳಗೆ ಇಪ್ಪತ್ತು ಟಗರು ಮರಿ, ಮೂಗಿಗೆ ಹೊಡೆಯುವ ಘಾಟು. ಕುರಿ ಅಂದಮೇಲೆ ಉಚ್ಚೆ ವಾಸನೆ ಇದ್ದದ್ದೇ ಅಂದುಕೊಂಡು ನೆಲಕ್ಕೆ ಸುಣ್ಣ ಎರಚಿದೆ. ಘಾಟು ಇನ್ನೂ ಎದ್ದಿತು. ಸುಣ್ಣ ಬಿದ್ದರೆ ಉಚ್ಚೆಯಿಂದ ಅಮೋನಿಯಾ ಜಾಸ್ತಿ ಏಳುತ್ತದೆ ಅಂತ ಆಮೇಲೆ ತಿಳಿಯಿತು. ನಾನು ದುಡ್ಡು ಕೊಟ್ಟು ತಂದ ಶೇಂಗಾ ಹಿಂಡಿಯೇ ಹೀಗೆ ಗಾಳಿಗೆ ಹೋಗುತ್ತಿದೆ ಅನ್ನುವುದಂತೂ ತಲೆಗೇ ಹೊಳೆದಿರಲಿಲ್ಲ.

ನಮ್ಮದು ಹುನಗುಂದ ಕಡೆ. ಅಮೀನಗಡದ ಸಂತೆಯಲ್ಲಿ ಮೂರ್ನಾಲ್ಕು ತಿಂಗಳ ಕೆಂಗುರಿ ತಳಿಯ ಮರಿ ತಂದು, ಐದು ತಿಂಗಳು ಕಟ್ಟಿ ಮೇಯಿಸಿ, ಬಕ್ರೀದ್ ಹೊತ್ತಿಗೆ ಮಾರುವುದು ಲೆಕ್ಕ. ತಂದಾಗ ಒಂದೊಂದು 13 ಕಿಲೋ ಆಸುಪಾಸು. ನಮ್ಮ ಸೋದರಮಾವ ನೋಡಿ, "ಹಿಂಡಿ ಹಾಕು ಅಳಿಯಾ, ಹಾಕಿದಂಗ ಉಬ್ಬತಾವ" ಅಂದರು. ಹಾಕಿದೆ. ಮರಿಗೆ ದಿನಕ್ಕೆ ಕಾಲು ಕಿಲೋ ಶೇಂಗಾ ಹಿಂಡಿ, ಮೇಲೊಂದು ಹಿಡಿ ಗೋಧಿ ಬೂಸಾ, ಮೇವಿಗೆ ಜೋಳದ ಕಣಕಿ, ಅಂದರೆ ಒಣ ದಂಟು. ಗೋವಿನಜೋಳ ಕೋಳಿಯವರಿಗೆ ಅಂತ ಮುಟ್ಟಲಿಲ್ಲ.

ತಿಂಗಳಾದ ಮೇಲೆ ಗೋಣಿಚೀಲದ ಜೋಲಿ ಮಾಡಿ ತೂಗಿದೆ. ಎರಡು ಕಿಲೋ ಏರಿತ್ತು, ಅಷ್ಟೇ. ದಿನಕ್ಕೆ 65 ಗ್ರಾಂ! ಬರೀ ಬಯಲಲ್ಲಿ ಮೇಯ್ದಿದ್ದರೂ ಅಷ್ಟು ಆಗುತ್ತಿತ್ತೇನೋ. ಬಾಲದ ಬುಡವೆಲ್ಲ ಅಂಟು ಅಂಟು. ಹಿಕ್ಕೆ ಬಿಡಿ ಬಿಡಿಯಾಗಿ ಬೀಳದೆ ಒಂದಕ್ಕೊಂದು ಮೆತ್ತಿಕೊಂಡು ಮುದ್ದೆಯಾಗುತ್ತಿತ್ತು. ನೀರು ಮಾತ್ರ ಬಕೆಟ್ ಬಕೆಟ್ ಕುಡಿಯುತ್ತಿದ್ದವು.

ಪಶುವೈದ್ಯರು ಬಂದವರು ಮರಿ ಮುಟ್ಟಲೇ ಇಲ್ಲ. ಬಾಗಿಲಲ್ಲೇ ನಿಂತು, "ಹಿಂಡಿ ಎಷ್ಟು, ಗೋವಿನಜೋಳ ಎಷ್ಟು?" ಅಂತ ಕೇಳಿದರು. ಜೋಳ ಇಲ್ಲ ಅಂದೆ. ಅವರು ನಕ್ಕು ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಕುರಿಯ ದೊಡ್ಡ ಹೊಟ್ಟೆಯಲ್ಲಿ, ರೂಮೆನ್ ಅಂತಾರಲ್ಲ, ಅಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ದಂಡೇ ಇದೆ. ನಾವು ಹಾಕುವ ಹಿಂಡಿ ಮೊದಲು ಅವಕ್ಕೆ ಊಟ. ಶೇಂಗಾ ಹಿಂಡಿಯ ಪ್ರೋಟೀನನ್ನು ಅವು ಬಹಳ ಬೇಗ ಒಡೆದು ಅಮೋನಿಯಾ ಮಾಡುತ್ತವೆ, ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಆಮೇಲೆ ಅವೇ ಮುಂದಿನ ಹೊಟ್ಟೆಗೆ, ಸಣ್ಣ ಕರುಳಿಗೆ ಇಳಿದು ಜೀರ್ಣವಾಗುತ್ತವೆ. ಅಂದರೆ ಮರಿಗೆ ಸಿಗುವ ಪ್ರೋಟೀನಿನ ಬಹುಪಾಲು ಹಿಂಡಿಯದ್ದಲ್ಲ, ಹಿಂಡಿ ತಿಂದು ಬೆಳೆದ ಆ ಜೀವಿಗಳದ್ದು. ಆದರೆ ಮೈ ಕಟ್ಟಿಕೊಳ್ಳಲು ಅವಕ್ಕೆ ಕಸುವು ಬೇಕಲ್ವಾ? ಅದು ಗೋವಿನಜೋಳದಂಥ ಕಾಳಿನ ಪಿಷ್ಟದಿಂದ ಬರಬೇಕು. ನಾನು ಬರೀ ಕಣಕಿ ಕೊಟ್ಟಿದ್ದೆ. ಅದು ನಿಧಾನಕ್ಕೆ ಕರಗುವ ನಾರು. ಅಷ್ಟರಲ್ಲಿ ಅಮೋನಿಯಾ ರಕ್ತಕ್ಕೆ ಸೇರಿ, ಲಿವರ್‌ನಲ್ಲಿ ಯೂರಿಯಾ ಆಗಿ, ಉಚ್ಚೆಯಲ್ಲಿ ಹೊರಗೆ. ಹಾಗೆ ಮಾಡುವುದಕ್ಕೂ ಮರಿಯ ಮೈಯ ಶಕ್ತಿಯೇ ಖರ್ಚು. ಹಿಂಡಿಯೂ ಹೋಯಿತು, ಕಸುವೂ ಹೋಯಿತು.

"ಗಾರೆಗೆ ಸಿಮೆಂಟು ತಂದು ಸುರಿದೀಯಪಾ, ಗೌಂಡಿಗೆ ಊಟ ಹಾಕಿಲ್ಲ" ಅಂದರು.

ಆಮೇಲೆ ನಾನು ಕಲಸಿದ ದಾಣಿ, ಅಂದರೆ ಕಾಳು-ಹಿಂಡಿಯ ಮಿಶ್ರಣ, ಹೀಗಿತ್ತು. 100 ಕಿಲೋಗೆ ಗೋವಿನಜೋಳದ ನುಚ್ಚು 45, ಗೋಧಿ ಬೂಸಾ 20, ಶೇಂಗಾ ಹಿಂಡಿ 12, ಹತ್ತಿಕಾಳು ಹಿಂಡಿ 10, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ಚೂರು) 10, ಖನಿಜ ಮಿಶ್ರಣ 2, ಉಪ್ಪು 1. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ನೂರಕ್ಕೆ 40 ದಾಟುತ್ತದೆ, ಗೋವಿನಜೋಳದಲ್ಲಿ 9ರಷ್ಟು. ಎಲ್ಲ ಸೇರಿ 16ರ ಹತ್ತಿರ ನಿಲ್ಲುತ್ತದೆ. ಬೆಳೆಯುವ ಮರಿಯ ದಾಣಿಗೆ ಅಷ್ಟು ಸಾಕು. ಹತ್ತಿಕಾಳು ಹಿಂಡಿ ಶೇಂಗಾಕ್ಕಿಂತ ನಿಧಾನಕ್ಕೆ ಒಡೆಯುತ್ತದೆ, ಒಂದಿಷ್ಟು ಒಡೆಯದೆ ನೇರ ಕರುಳಿಗೂ ಹೋಗುತ್ತದೆ. ಅದಕ್ಕೇ ಎರಡೂ ಇಟ್ಟುಕೊಂಡೆ. ಜೋಳ ನುಚ್ಚೇ ಆಗಬೇಕು, ಹಿಟ್ಟು ಬೇಡ. ಹಿಟ್ಟಾದರೆ ಹೊಟ್ಟೆಯಲ್ಲಿ ಬೇಗ ಹುಳಿಯಾಗುತ್ತದೆ. ಮೇವು ಕಣಕಿಯ ಬದಲು ಅರ್ಧದಷ್ಟು ಶೇಂಗಾ ಹೊಟ್ಟು ಮಾಡಿದೆ.

ಬದಲಾವಣೆ ಮಾತ್ರ ಒಂದೇ ದಿನ ಮಾಡಲಿಲ್ಲ. ಹೊಟ್ಟೆಯಲ್ಲಿರುವ ಆ ದಂಡೂ ಹೊಸ ಊಟಕ್ಕೆ ಹೊಂದಬೇಕು. ಎರಡು ವಾರ ಹಿಡಿಯಿತು. ಮೊದಲು 150 ಗ್ರಾಂ, ಕೊನೆಗೆ ಒಂದೊಂದಕ್ಕೆ 400 ಗ್ರಾಂ ತನಕ ಏರಿಸಿದೆ. ಅದೂ ಎರಡು ಹೊತ್ತಿಗೆ ಹಂಚಿ, ಮೊದಲು ಗೋದಲಿಗೆ ಹೊಟ್ಟು ಹಾಕಿ, ಹಸಿವು ಸ್ವಲ್ಪ ತಣಿದ ಮೇಲೆ.

ನನಗೆ ಬೇರೆ ಅಳತೆ ಇರಲಿಲ್ಲ, ಹಿಕ್ಕೆಯೇ ಅಳತೆ. ದಿನಾ ಬೆಳಿಗ್ಗೆ ನಾಲ್ಕೈದು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಿದ್ದೆ. ಹೆಂಡತಿ ಇದಕ್ಕೆ ಮುಖ ಸಿಂಡರಿಸಿದ್ದು ಅಷ್ಟಿಷ್ಟಲ್ಲ. ಹತ್ತನೇ ದಿನದ ಹೊತ್ತಿಗೆ ಹಿಕ್ಕೆ ಬಿಡಿಬಿಡಿಯಾಯಿತು, ಮೇಲೆ ಹೊಳಪು, ಒಳಗೆ ಒಡೆದ ಜೋಳದ ಚೂರು ಕಾಣಲಿಲ್ಲ. ಘಾಟೂ ಇಳಿಯಿತು. ಮುಂದಿನ ತಿಂಗಳ ತೂಕದಲ್ಲಿ ದಿನಕ್ಕೆ 115 ಗ್ರಾಂ ಬಿದ್ದಿತ್ತು. ಹಿಂಡಿಯ ಖರ್ಚು ಮೊದಲಿಗಿಂತ ಕಡಿಮೆ.

ಎಲ್ಲ ಸರಿಹೋಯಿತು ಅನ್ನುವಾಗಲೇ ಒಂದು ಮರಿ ಸತ್ತಿತು. ಗುಂಪಿನಲ್ಲೇ ದಪ್ಪಗಿದ್ದದ್ದು, ಎಲ್ಲರನ್ನೂ ತಳ್ಳಿ ಗೋದಲಿಗೆ ಬಾಯಿ ಹಾಕುವಂಥದ್ದು. ರಾತ್ರಿ ಚೆನ್ನಾಗಿ ತಿಂದಿತ್ತು, ಬೆಳಿಗ್ಗೆ ಕಾಲು ಚಾಚಿ ಮಲಗಿತ್ತು. ವೈದ್ಯರು ಕೊಯ್ದು ನೋಡಿದರು. ಕಿಡ್ನಿ ಮುಟ್ಟಿದರೆ ಕೊಳೆತ ಹಣ್ಣಿನ ಹಾಗೆ ಮೆತ್ತಗೆ. ಕರುಳುಬೇನೆ. ಕರುಳಲ್ಲಿ ಮೊದಲೇ ಇರುವ ರೋಗಾಣು, ಕಾಳು ಜಾಸ್ತಿ ಇಳಿದಾಗ ಉಕ್ಕಿ ವಿಷ ಬಿಡುತ್ತದೆ. ಲಸಿಕೆಯ ಮೊದಲ ಡೋಸ್ ಹಾಕಿಸಿದ್ದೆ, ಎರಡನೆಯದನ್ನು ಈ ವಾರ, ಬರುವ ವಾರ ಅಂತ ಮುಂದೂಡಿದ್ದೆ. ತಪ್ಪು ನನ್ನದೇ. ಅವತ್ತೇ ಉಳಿದವಕ್ಕೆ ಹಾಕಿಸಿದೆ. ದಪ್ಪ ಮರಿಗಳನ್ನು ಬೇರೆ ಗೋದಲಿಗೆ ಕಟ್ಟಿದೆ.

ಈಗ ಹಿಂಡಿ ತರುವಾಗ ತುಂಡು ಮುರಿದು ಮೂಸುತ್ತೇನೆ. ಮುಗ್ಗಲು ವಾಸನೆ ಬಂದರೆ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ, ಬೂಷ್ಟು ಹಿಡಿದ ಹಿಂಡಿ ಲಿವರ್ ಕೆಡಿಸುತ್ತದೆ. ಈ ವರ್ಷ ಬದುವಿನ ಮೇಲೆ ಬೇಲಿ ಮೆಂತ್ಯೆ ಅನ್ನುವ ಪ್ರೋಟೀನಿನ ಹಸಿರು ಮೇವು ಹಾಕಿದ್ದೇನೆ, ಹಿಂಡಿ ಇನ್ನಷ್ಟು ಇಳಿಸಬಹುದೇನೋ ನೋಡಬೇಕು. ಮೊದಲ ಕೊಯ್ಲು ತಂದು ಹಾಕಿದಾಗ ಮರಿಗಳು ಎರಡು ದಿನ ಮೂಸಿ ಬಿಟ್ಟವು. ಮೂರನೇ ದಿನ ಸಂಜೆ ನಾನು ಕಟ್ಟು ಹೊತ್ತು ಬರುವುದು ಕಂಡರೆ ಸಾಕು, ಗೋದಲಿಯ ಮೇಲೆ ಮುಂಗಾಲು ಇಟ್ಟು ನಿಂತಿದ್ದವು.