ಮಬ್ಬು ಬೆಳಕಲ್ಲಿ ಹುಲಿ ಬಂದರೆ ಕ್ಯಾಮೆರಾ ಹೇಗಿರಬೇಕು?

ದೊಡ್ಡ ಬೆಕ್ಕುಗಳಿಗೂ ಕ್ಯಾಮೆರಾಗೂ ಹೊತ್ತು ಹೊಂದುವುದಿಲ್ಲ. ಹುಲಿ, ಚಿರತೆ, ಸಿಂಹ ಜಾಸ್ತಿ ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ರಾತ್ರಿಯಲ್ಲಿ. ಒಳ್ಳೆ ಬೆಳಕು ಬಂತು ಅನ್ನುವಷ್ಟರಲ್ಲಿ ಪೊದೆ ಸೇರಿ ಮಲಗಿರುತ್ತವೆ.

ಮೊದಲ ಸಲ ಚಿರತೆ ಎದುರಾದಾಗ ನಾನು ನಲವತ್ತು ಫೋಟೊ ತೆಗೆದೆ. ಎಲ್ಲದರಲ್ಲೂ ಹಿಂದಿನ ಮರದ ತೊಗಟೆ ಶಾರ್ಪ್ ಆಗಿ ಬಂದಿತ್ತು, ಚಿರತೆ ಮಾತ್ರ ಕಲಸಿಹೋಗಿತ್ತು. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/60 ಸೆಕೆಂಡಿನಲ್ಲಿತ್ತು. ಲೆನ್ಸಿನ ಸ್ಟೆಬಿಲೈಸೇಶನ್ ನನ್ನ ಕೈ ನಡುಕವನ್ನು ತಡೆದಿತ್ತು. ಚಿರತೆಯ ನಡಿಗೆಯನ್ನು ತಡೆಯೋದು ಅದರ ಕೆಲಸ ಅಲ್ಲವಲ್ಲ!

ಹೊರಡುವ ಮುಂಚೆಯೇ ಸೆಟ್ ಮಾಡಿ

ಪ್ರಾಣಿ ಕಂಡ ಮೇಲೆ ಬಟನ್ ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು. ಜೀಪ್ ಹತ್ತುವಾಗಲೇ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ, ಅದನ್ನು ಮಾತ್ರ ಆಟೊದಲ್ಲಿಡಿ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಷ್ಟು ಸಾಧ್ಯವೋ ಅಷ್ಟು ತೆರೆದಿರಲಿ. ಎಫ್ ಅಂಕಿ ಚಿಕ್ಕದಾದಷ್ಟು ಕಿಂಡಿ ದೊಡ್ಡದು. ಶಟರ್ ಸ್ಪೀಡ್ 1/500. ನಡೆದು ಬರುವ ಹುಲಿಗೆ ಇಷ್ಟು ಸಾಕು. ಅದು ಕೂತರೆ 1/125ಕ್ಕೆ ಇಳಿಸಿ, ಓಡಿದರೆ 1/1600ಕ್ಕೆ ಏರಿಸಿ. ಆ ಕ್ಷಣದಲ್ಲಿ ಬೆರಳು ತಿರುಗಿಸಬೇಕಾದ್ದು ಈ ಒಂದೇ ಡಯಲ್.

ಐಎಸ್‌ಒ 6400 ಅಂತ ತೋರಿಸಿದರೆ ಗಾಬರಿ ಬೇಡ. ಎಫ್/5.6ರಲ್ಲಿ ಒಳಗೆ ಬರುವ ಬೆಳಕು ಎಫ್/2.8ರಲ್ಲಿ ಬರುವುದರ ಕಾಲು ಭಾಗ ಮಾತ್ರ. ಎಫ್/2.8ರ ದುಬಾರಿ ಲೆನ್ಸಿನವರು 1600ರಲ್ಲಿ ತೆಗೆಯುವ ಫೋಟೊಗೆ ಎಫ್/5.6 ಲೆನ್ಸಿದ್ದರೆ ನಿಮಗೆ 6400 ಬೇಕೇ ಬೇಕು. ಫೋಟೊದಲ್ಲಿ ಕಾಣುವ ಕಾಳು ಕಾಳನ್ನು, ಅಂದರೆ ನಾಯ್ಸನ್ನು, ಆಮೇಲೆ ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು. ಅಲುಗಿದ ಮುಖವನ್ನು ಸರಿ ಮಾಡುವುದು ಕಷ್ಟ. ಫೈಲ್ ಮಾತ್ರ ಜೆಪೆಗ್ ಬೇಡ, ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಉಳಿಸುವ ರಾ ಇರಲಿ. ಎಲೆಗಳ ಕೆಳಗೆ ಎಲ್ಲಕ್ಕೂ ಹಸಿರು ಛಾಯೆ ಬಡಿದಿರುತ್ತದೆ. ರಾ ಫೈಲಿನಲ್ಲಿ ಅದನ್ನು ತೆಗೆಯುವುದು ಸುಲಭ.

ಕ್ಯಾಮೆರಾದ ಲೆಕ್ಕ ತಿದ್ದಿ

ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡು ಬೂದು ಬಣ್ಣದ್ದು ಅಂತ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಅಂದುಕೊಳ್ಳುತ್ತದೆ. ಕತ್ತಲೆ ಪೊದೆಯ ಮುಂದೆ ಹುಲಿ ನಿಂತಿದ್ದರೆ ಆ ಕತ್ತಲನ್ನೇ ಬೆಳಗಲು ಹೋಗಿ ಹುಲಿಯನ್ನು ಬಿಳಿಚಿಸಿಬಿಡುತ್ತದೆ. ಹಾಗಾಗಿ ಫೋಟೊವನ್ನು ಬೆಳಗಿಸುವ ಇಲ್ಲವೇ ಕತ್ತಲಾಗಿಸುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಮೈನಸ್ 0.7 ಅಥವಾ ಮೈನಸ್ 1 ಕೊಡಿ. ಬಿಸಿಲಿಗೆ ಹೊಳೆಯುವ ಒಣ ಹುಲ್ಲಿನಲ್ಲಿ ಸಿಂಹ ಇದ್ದರೆ ಇದರ ಉಲ್ಟಾ, ಪ್ಲಸ್ 0.7. ಹೆಚ್ಚಿನ ಹೊಸ ಕ್ಯಾಮೆರಾಗಳಲ್ಲಿ ಆಟೊ ಐಎಸ್‌ಒ ಇದ್ದಾಗಲೂ ಇದು ಕೆಲಸ ಮಾಡುತ್ತದೆ. ಮನೆಯಲ್ಲೇ ಒಮ್ಮೆ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ, ಕತ್ತಲೆಗಿಂತ ಕಷ್ಟ ಎಲೆಗಳ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲು. ಹುಲಿಯ ಕಣ್ಣಿನ ಮೇಲೆ, ಕೆನ್ನೆಯ ಹತ್ತಿರ ಬಿಳಿ ಕೂದಲಿದೆ ನೋಡಿ. ಬಿಸಿಲಿನ ಒಂದು ತುಣುಕು ಅಲ್ಲಿ ಬಿದ್ದರೆ ಸಾಕು, ಕೂದಲಿನ ಎಳೆಗಳೇ ಕಾಣದೆ ಬರೀ ಬಿಳಿ ತೇಪೆಯಾಗುತ್ತದೆ. ಹಾಗೆ ಸುಟ್ಟ ಜಾಗವನ್ನು ಮಿನುಗಿಸಿ ತೋರಿಸುವ ಎಚ್ಚರಿಕೆ ಕ್ಯಾಮೆರಾದಲ್ಲಿದೆ, ಆನ್ ಮಾಡಿಡಿ. ಆ ಬಿಳಿ ಉಳಿಯುವಷ್ಟು ಎಕ್ಸ್‌ಪೋಶರ್ ಇಳಿಸಿ, ನೆರಳಿನ ಭಾಗವನ್ನು ರಾ ಫೈಲಿನಿಂದ ಆಮೇಲೆ ಎತ್ತಿಕೊಳ್ಳಿ. ಅದಕ್ಕಿಂತ ಒಳ್ಳೆಯ ಉಪಾಯ ಸುಮ್ನೆ ಕಾಯುವುದು. ಎರಡು ಹೆಜ್ಜೆ ಮುಂದೆ ಬಂದರೆ ಮುಖ ಪೂರ್ತಿ ನೆರಳಿಗೆ ಬರಬಹುದು.

ಸೂರ್ಯ ಪ್ರಾಣಿಯ ಹಿಂದೆ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಹಿನ್ನೆಲೆ ಕಪ್ಪಗಿದ್ದರೆ ಮೈನಸ್ 1ರಿಂದ 2ರವರೆಗೆ ಇಳಿಸಿ. ಮೀಸೆ, ಕಿವಿ, ಬೆನ್ನಿನ ಅಂಚಿಗೆ ಚಿನ್ನದ ಗೆರೆ ಎಳೆದಂತೆ ಬರುತ್ತದೆ. ಲೆನ್ಸಿಗೆ ನೇರ ಬಿಸಿಲು ಬೀಳದಂತೆ ತಡೆಯುವ ಲೆನ್ಸ್ ಹುಡ್ ಮರೆಯಬೇಡಿ.

ಕಣ್ಣಿಗೇ ಫೋಕಸ್

500 ಎಂಎಂ ಲೆನ್ಸ್, ಎಫ್/4, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 20 ಮೀಟರ್ ದೂರ. ಇಷ್ಟಿದ್ದರೆ ಫೋಕಸ್‌ಗೆ ಸಿಗುವ ಆಳ ಹೆಚ್ಚುಕಡಿಮೆ ಒಂದು ಅಡಿ. ಮೂತಿಯನ್ನು ಹಿಡಿದುಕೊಂಡು ಕಣ್ಣನ್ನು ಬಿಡುವುದಕ್ಕೆ ಅಷ್ಟು ಸಾಕು. ಕಣ್ಣನ್ನು ತಾನೇ ಹುಡುಕುವ ಫೋಕಸ್ ಬಯಲಿನಲ್ಲಿ ಚೆನ್ನಾಗಿ ನಡೆಯುತ್ತದೆ. ಮುಂದೆ ಹುಲ್ಲು, ರೆಂಬೆ ಇದ್ದರೆ ಅವನ್ನೇ ಹಿಡಿದು ಕೂರುವುದೂ ಉಂಟು. ಆಗ ಅತಿ ಚಿಕ್ಕ ಫೋಕಸ್ ಪಾಯಿಂಟಿಗೆ ಬದಲಿಸಿ. ಕಣ್ಣು ಕತ್ತಲಲ್ಲಿ ಮುಳುಗಿದ್ದರೆ, ಕಣ್ಣಿನಷ್ಟೇ ದೂರದಲ್ಲಿರುವ ಕೆನ್ನೆಯ ಕಪ್ಪು ಪಟ್ಟೆಯ ಅಂಚಿಗೆ ಪಾಯಿಂಟ್ ಇಡಿ. ಕಪ್ಪು ಬಿಳುಪು ಕೂಡುವ ಕಡೆ ಕ್ಯಾಮೆರಾಗೆ ಹಿಡಿತ ಸಿಗುತ್ತದೆ.

ಲೆನ್ಸನ್ನು ಬೀನ್ ಬ್ಯಾಗ್, ಅಂದರೆ ಕಾಳು ತುಂಬಿದ ಚೀಲದ ಮೇಲೆ ಕೂರಿಸಿ. ಇಂಜಿನ್ ಆಫ್ ಮಾಡಲು ಡ್ರೈವರ್‌ಗೆ ಮೊದಲೇ ಹೇಳಿಟ್ಟಿರಿ, ಅದರ ನಡುಕ ಲೆನ್ಸಿಗೂ ಹತ್ತುತ್ತದೆ. ಒಂದರ ಹಿಂದೊಂದು ಮೂರು ನಾಲ್ಕು ಫ್ರೇಮಿನ ಚಿಕ್ಕ ಬರ್ಸ್ಟ್ ಹೊಡೆಯಿರಿ. ಒಂದಾದರೂ ಅಲುಗದೆ ಬಂದಿರುತ್ತದೆ.

ನಡುಮಧ್ಯಾಹ್ನ ದೂರದ ಪ್ರಾಣಿ ನೀರಿನೊಳಗಿದ್ದಂತೆ ಅಲೆಯುತ್ತಿದ್ದರೆ ಅದು ನೆಲದಿಂದೇಳುವ ಬಿಸಿ ಗಾಳಿಯ ಆಟ. ಎಂಥ ಲೆನ್ಸೂ ಅದನ್ನು ಸರಿಪಡಿಸುವುದಿಲ್ಲ, ಹತ್ತಿರ ಬರಲಿ ಅಂತ ಕಾಯಬೇಕು.

ಫ್ಲ್ಯಾಶ್ ಬೇಡವೇ ಬೇಡ. ಪ್ರಾಣಿಗೆ ತೊಂದರೆ, ಎಷ್ಟೋ ಕಾಡುಗಳಲ್ಲಿ ನಿಷೇಧವೂ ಇದೆ. ಸಾಲದ್ದಕ್ಕೆ ಬೆಕ್ಕಿನ ಜಾತಿಯ ಕಣ್ಣಿನೊಳಗೆ ಹಿಂಬದಿಯಲ್ಲಿ ಬೆಳಕನ್ನು ವಾಪಸ್ ಎಸೆಯುವ ಪದರ ಇದೆ. ಫೋಟೊದಲ್ಲಿ ಕಣ್ಣಿನ ಬದಲು ಎರಡು ಬಲ್ಬು ಕೂತಿರುತ್ತವೆ!

1/125 ಕೂಡ ಸಿಗದಷ್ಟು ಕತ್ತಲಾದ ಮೇಲೂ ಒಂದು ಆಟ ಬಾಕಿ ಇದೆ. ಶಟರ್ ಸ್ಪೀಡ್ 1/30ಕ್ಕೆ ಇಳಿಸಿ. ರಸ್ತೆಗೆ ಅಡ್ಡಲಾಗಿ ನಡೆಯುವ ಪ್ರಾಣಿಯ ವೇಗಕ್ಕೇ ಲೆನ್ಸನ್ನು ತಿರುಗಿಸುತ್ತಾ ಬರ್ಸ್ಟ್ ಒತ್ತಿ ಹಿಡಿಯಿರಿ. ಹತ್ತರಲ್ಲಿ ಒಂಬತ್ತು ಡಿಲೀಟ್ ಆಗುತ್ತವೆ. ಉಳಿದ ಒಂದರಲ್ಲಿ ಕಾಡು ಗೆರೆಗೆರೆಯಾಗಿ ಓಡುತ್ತಿರುತ್ತದೆ, ಹುಲಿಯ ತಲೆ ಮಾತ್ರ ನಿಂತಿರುತ್ತದೆ.