ಭಾನುವಾರದ ಸ್ನೋ, ಗುರುವಾರದ ಐಸ್: ಸಿರಾಕ್ಯೂಸ್‌ನಲ್ಲಿ ಒಂದು ಚಳಿಗಾಲದ ವಾರ

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ಗೆ ಓದೋಕೆ ಬರುವ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದು ಯಾವ ಜಾಕೆಟ್ ತಗೋಬೇಕು ಅಂತ. ನಾನು ಮೊದಲು ಬೂಟಿನ ಬಗ್ಗೆ ಹೇಳುತ್ತೇನೆ. ಯಾಕೆ ಅಂತ ನಮ್ಮ ಮನೆಯಲ್ಲಿ ಕಳೆದ ಒಂದು ಜನವರಿ ವಾರದ ಕಥೆ ಕೇಳಿದರೆ ಗೊತ್ತಾಗುತ್ತದೆ.

ಇಲ್ಲಿ ವರ್ಷಕ್ಕೆ ಸರಾಸರಿ 10 ಅಡಿ ಸ್ನೋ ಬೀಳುತ್ತದೆ. 1992-93ರ ಚಳಿಗಾಲದಲ್ಲಿ 16 ಅಡಿ ಬಿದ್ದಿತ್ತು, ಅದೇ ಊರಿನ ದಾಖಲೆ. ಇದಕ್ಕೆಲ್ಲ ಕಾರಣ ಒಂಟೇರಿಯೊ ಸರೋವರ. ಕೆನಡಾ ಕಡೆಯಿಂದ ಬರುವ ಕೊರೆಯುವ ಗಾಳಿ ಆ ನೀರಿನ ಮೇಲೆ ಹಾದು, ತೇವ ಹೀರಿಕೊಂಡು, ನೆಲ ಸಿಕ್ಕ ಕೂಡಲೇ ಸುರಿಸುತ್ತದೆ. ಬಫಲೋ ಪಕ್ಕದ ಈರಿ ಸರೋವರ ಹೆಚ್ಚೆಂದರೆ 64 ಮೀಟರ್ ಆಳ. ಬೇಗ ಹೆಪ್ಪುಗಟ್ಟುತ್ತದೆ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಆವಿ ನಿಂತುಹೋಗುತ್ತದೆ. ನಮ್ಮ ಒಂಟೇರಿಯೊ 244 ಮೀಟರ್ ಆಳ, ಪೂರ್ತಿ ಹೆಪ್ಪುಗಟ್ಟುವುದೇ ಅಪರೂಪ, ಹಾಗಾಗಿ ಮಾರ್ಚ್ ಬಂದರೂ ಸ್ನೋ ಬಿಡುವುದಿಲ್ಲ. ಈ ಸ್ನೋ ಪಟ್ಟಿ ಪಟ್ಟಿಯಾಗಿ ಬರುತ್ತದೆ. ನಮ್ಮ ಬೀದಿಯಲ್ಲಿ ಕಣ್ಣು ಕಾಣದಷ್ಟು ಸುರಿಯುವಾಗ ಹತ್ತು ಮೈಲಿ ಆಚೆ ಬಿಸಿಲು ಇರಬಹುದು. ಅದಕ್ಕೇ ನಾನು ಫೋನಿನಲ್ಲಿ ಮೋಡದ ಚಿತ್ರ ನೋಡಿ ಸುಮ್ನಾಗುವುದಿಲ್ಲ, ರೇಡಾರ್ ತೆಗೆದು ಗಾಳಿ ಯಾವ ಕಡೆಯಿಂದ ಇದೆ ಅಂತ ನೋಡುತ್ತೇನೆ.

ಆ ಭಾನುವಾರ ಸಂಜೆ ಪಟ್ಟಿ ನಮ್ಮ ತಲೆ ಮೇಲೇ ಬಂದು ಕೂತಿತು. ಬೆಳಗಾಗುವುದರೊಳಗೆ 14 ಇಂಚು. ಮೊದಲ ವರ್ಷ ನಾನು, ಎಲ್ಲ ನಿಂತ ಮೇಲೆ ಒಂದೇ ಸಲ ತೆಗೆದರಾಯಿತು ಅಂತ ಮಲಗಿದ್ದೆ. ಆಮೇಲೆ ಹತ್ತು ದಿನ ಸೊಂಟ ಹಿಡಿದುಕೊಂಡಿತ್ತು. ಈಗ ನಾಲ್ಕು ಇಂಚು ಆದ ಕೂಡಲೇ ಹೊರಗೆ ಹೋಗುತ್ತೇನೆ: ರಾತ್ರಿ 9ಕ್ಕೆ ಒಂದು ಸಲ, ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ 5ಕ್ಕೆ ಮತ್ತೆ. ಎತ್ತಿ ಎಸೆಯಬೇಡಿ, ತಳ್ಳಿ. ಎತ್ತಲೇಬೇಕಾದರೆ ಅರ್ಧ ಸಲಿಕೆ ಸಾಕು. ಸಲಿಕೆಗೆ ಸ್ವಲ್ಪ ಅಡುಗೆ ಎಣ್ಣೆ ಸವರಿದರೆ ಸ್ನೋ ಅಂಟುವುದಿಲ್ಲ.

ಡ್ರೈವ್‌ವೇ (ಮನೆಯಿಂದ ಬೀದಿಗೆ ಕಾರು ಹೋಗುವ ದಾರಿ) ಚೊಕ್ಕ ಮಾಡಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ರಸ್ತೆಯ ಸ್ನೋ ತಳ್ಳುವ ನಗರದ ಪ್ಲೌ ಗಾಡಿ ಬಂದು ಅದರ ಬಾಯಿಗೆ ಅಡ್ಡವಾಗಿ ಗೋಡೆ ಕಟ್ಟಿ ಹೋಗುತ್ತದೆ. ಇದಕ್ಕೊಂದು ಉಪಾಯ ಇದೆ. ಇಲ್ಲಿ ಗಾಡಿಗಳು ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ಬೀದಿ ಕಡೆ ಮುಖ ಮಾಡಿ ನಿಂತರೆ ಪ್ಲೌ ಬರುವುದು ನಿಮ್ಮ ಎಡಗಡೆಯಿಂದ, ಅಲ್ವಾ? ಡ್ರೈವ್‌ವೇಗೆ ಸೇರಿದ ಹಾಗೆ ಎಡಗಡೆ ರಸ್ತೆ ಅಂಚಿನಲ್ಲಿ ಆರೇಳು ಅಡಿ ಜಾಗ ಮೊದಲೇ ಖಾಲಿ ಮಾಡಿಡಿ. ಗಾಡಿ ತಂದ ರಾಶಿ ಜಾಸ್ತಿ ಅಲ್ಲೇ ಬೀಳುತ್ತದೆ. ತೆಗೆದ ಸ್ನೋವನ್ನು ಬಲಗಡೆಗೇ ಹಾಕಿ.

ಮಂಗಳವಾರ ಬೆಳಗಿನ ಜಾವ ಮೂರಕ್ಕೆ ಮನೆ ಬಿಸಿಮಾಡುವ ಫರ್ನೇಸ್ ನಿಂತುಹೋಯಿತು. ಮನೆ ತಣ್ಣಗಾಗುತ್ತಿದೆ, ಮಗು ಮಲಗಿದೆ, ಹೆಂಡತಿ ಕಂಬಳಿ ಹುಡುಕುತ್ತಿದ್ದಾಳೆ. ನಮ್ಮಂಥ ಫರ್ನೇಸ್‌ಗಳ ಹೊಗೆ ಮತ್ತು ಗಾಳಿಯ ಬಿಳಿ ಪೈಪುಗಳು ಪಕ್ಕದ ಗೋಡೆಯಿಂದ ಹೊರಗೆ ಬರುತ್ತವೆ. ಗಾಳಿ ಹೊತ್ತು ತಂದ ಸ್ನೋ ಅವನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಕೈಯಲ್ಲೇ ಬಿಡಿಸಿದೆ. ಸಲಿಕೆ ತಾಗಿದರೆ ಚಳಿಗೆ ಆ ಪೈಪು ಸೀಳಬಹುದು. ಹತ್ತು ನಿಮಿಷದಲ್ಲಿ ಮತ್ತೆ ಹತ್ತಿಕೊಂಡಿತು. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಪೈಪು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಅನಿಲ ಮನೆಯೊಳಗೇ ಉಳಿಯಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗುವ ಕೋಣೆಯ ಹತ್ತಿರ ಅದನ್ನು ಪತ್ತೆ ಮಾಡುವ ಅಲಾರಂ ಇರಲೇಬೇಕು. ಕಾರಿನ ಸೈಲೆನ್ಸರ್ ಪೈಪಿಗೂ ಇದೇ ಮಾತು: ಮೊದಲು ಬಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ.

ಬುಧವಾರ ಸ್ನೋ ಇಲ್ಲ, ಆದರೆ ರಾತ್ರಿ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಐಸ್ ಕರಗಿಸಲು ಹಾಕುವ ಸಾಮಾನ್ಯ ಕಲ್ಲುಪ್ಪು ಮೈನಸ್ 9ರ ಕೆಳಗೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ, ಅಂಥ ದಿನ ಮರಳು ಹಾಕುವುದೇ ವಾಸಿ. ಪೈಪಿನ ನೀರು ಹೆಪ್ಪುಗಟ್ಟದಿರಲಿ ಅಂತ ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ನಲ್ಲಿಯನ್ನು ಸಣ್ಣಗೆ ಬಿಟ್ಟು ಮಲಗಿದೆವು.

ಗುರುವಾರ ಮಧ್ಯಾಹ್ನ ಶೂನ್ಯದ ಮೇಲೆ ನಾಲ್ಕು ಡಿಗ್ರಿ, ಜಿಟಿಜಿಟಿ ಮಳೆ. ಎಲ್ಲರಿಗೂ ಸಮಾಧಾನ. ನನಗೆ ಭಯ ಇದ್ದದ್ದು ಈ ದಿನದ್ದೇ. ಕರಗಿದ್ದೆಲ್ಲ ಸಂಜೆ ಕಲ್ಲಾಗುತ್ತದೆ. ತೀರ್ಥಹಳ್ಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಅಪ್ಪ ಹಾರೆ ಹಿಡಿದು ಚರಂಡಿ ಬಿಡಿಸುತ್ತಿದ್ದರು, ಇಲ್ಲಿ ನಾನು ಕೆಲಸ ಬೇಗ ಮುಗಿಸಿ ಬಂದು ರಸ್ತೆ ಬದಿಯ ಚರಂಡಿ ಬಾಯಿ ಬಿಡಿಸಿದೆ, ಮೆಟ್ಟಿಲ ಮೇಲಿನ ಕೆಸರಿನಂಥ ಸ್ನೋವನ್ನು ಸಿಮೆಂಟು ಕಾಣುವ ತನಕ ಕೆರೆದೆ. ಐದು ಗಂಟೆ ದಾಟಿ ಕತ್ತಲು ಕವಿಯುವ ಹೊತ್ತಿಗೆ ನಮ್ಮದೆಲ್ಲ ಮುಗಿದಿತ್ತು.

ಎದುರು ಮನೆಯ ಅಜ್ಜಿ ಆರು ಗಂಟೆಗೆ ಕಸದ ಡಬ್ಬಿ ಇಡಲು ಹೊರಗೆ ಬಂದರು. ಎರಡನೇ ಮೆಟ್ಟಿಲಲ್ಲಿ ಜಾರಿದರು. ಮಣಿಕಟ್ಟು ಮುರಿಯಿತು. ವಾರವೆಲ್ಲ ಅಷ್ಟು ಸ್ನೋದಲ್ಲಿ ಓಡಾಡಿದವರು ನೀರಿನಂತೆ ಕಾಣುವ ತೆಳು ಐಸಿನಲ್ಲಿ ಬಿದ್ದರು. ಬೂಟಿನ ಮಾತು ತೆಗೆದದ್ದು ಇದಕ್ಕೇ. ಬೂಟಿಗೆ ಹಾಕಿಕೊಳ್ಳುವ ಮುಳ್ಳಿನ ಪಟ್ಟಿ ಸಿಗುತ್ತದೆ, ತಗೊಳ್ಳಿ. ಇಲ್ಲದಿದ್ದರೆ ಗದ್ದೆಯ ಬದುವಿನ ಮೇಲೆ ಮಳೆಯಲ್ಲಿ ನಡೆಯುತ್ತೇವಲ್ಲ, ಹಾಗೆ ಪಾದ ಪೂರ್ತಿ ಊರಿ, ಸಣ್ಣ ಹೆಜ್ಜೆ ಇಟ್ಟು, ಕೈ ಜೇಬಿನಿಂದ ಹೊರಗೆ ತೆಗೆದು ನಡೆಯಿರಿ.

ಶುಕ್ರವಾರ ಮತ್ತೆ ಎರಡಿಂಚು. ಶನಿವಾರ ಒಳ್ಳೆಯ ಬಿಸಿಲು, ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೂರೂವರೆಗೆ ಮರಳಿನ ಬಕೆಟ್ಟು, ಸಲಿಕೆ ತಗೊಂಡು ಮೊದಲು ಅಜ್ಜಿಯ ಮೆಟ್ಟಿಲಿಗೆ ಹೋದೆ, ನಮ್ಮದು ಆಮೇಲೆ. ಈಗಲೂ ಕರಗುವ ದಿನಗಳಲ್ಲಿ ಅದೇ ಕ್ರಮ.